ನಾಲ್ಕಡಿಯ ಗಾಂಡೀವ

ಮಹಾನವಮಿಯ ಸೂಟಿ ಬರುವ ಹೊತ್ತಿಗೆ ಅಣ್ಣಿಗೇರಿಯ ಸುತ್ತಣ ಎರೆಯ ಹೊಲಗಳು ಹಿಂಗಾರಿ ಬಿತ್ತನೆಗೆ ಅಣಿಯಾಗುತ್ತಿರುತ್ತವೆ. ಮಳೆ ಹದವಾಗಿ ಬಿದ್ದ ವರ್ಷವಾದರೆ ದಿಗಂತದವರೆಗೂ ಕಾಡಿಗೆ ಬಳಿದಂಥ ನೆಲ. ಆ ಕಪ್ಪಿನ ನಡುವೆ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬನ್ನಿಯ ಗಿಡ. ವಿಜಯದಶಮಿಯ ಸಂಜೆ ಜನರು ಹೊಸ ಬಟ್ಟೆ ಉಟ್ಟು ಬನ್ನಿಗೆ ಹೋಗುತ್ತಾರೆ, ಎಲೆಯನ್ನು ಬಂಗಾರವೆಂದು ಹಿರಿಯರ ಕೈಯಲ್ಲಿಟ್ಟು ನಮಸ್ಕರಿಸುತ್ತಾರೆ. ಹೋಗುವ ದಾರಿಯಲ್ಲಿ ಯಾರಾದರೊಬ್ಬರು ಮಕ್ಕಳಿಗೆ ಆ ಕಥೆಯನ್ನು ಹೇಳಿಯೇ ಹೇಳುತ್ತಾರೆ: ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನೆಲ್ಲ ಕಟ್ಟಿ ಈ ಜಾತಿಯ ಮರದ ಮೇಲೆಯೇ ಬಚ್ಚಿಟ್ಟಿದ್ದರು, ಗಾಂಡೀವವೂ ಅದರಲ್ಲಿತ್ತು.

ದೊಡ್ಡವರಿಗೆ ಎಲೆ ಸಾಕು. ಮಕ್ಕಳಿಗೆ ಬಿಲ್ಲು ಬೇಕು.

ಹೀಗೊಂದು ಮನೆಯನ್ನು ಭಾವಿಸಿಕೊಳ್ಳಿ. ಹುಬ್ಬಳ್ಳಿಯಿಂದ ಸೂಟಿಗೆಂದು ಅಜ್ಜನ ಊರಿಗೆ ಬಂದ ಎಂಟು ವರ್ಷದ ಹುಡುಗ, ಅವನ ಬೆನ್ನಿಗೆ ಆರು ವರ್ಷದ ತಂಗಿ. ಬನ್ನಿಯ ಗಿಡದ ಕೆಳಗೆ ನಿಂತು ಹುಡುಗ ಟೊಂಗೆಗಳನ್ನೆಲ್ಲ ಕಣ್ಣಿನಿಂದಲೇ ತಡಕಾಡಿದ.

“ಅಜ್ಜಾ, ಇದರಾಗ ಬಿಲ್ಲು ಇಟ್ಟಿದ್ರಂತ. ಈಗ ಎಲ್ಲಿ ಅದಾವ?”

“ಅರ್ಜುನ ಬಂದು ತಗೊಂಡು ಹೋದನಪಾ.”

“ಹಂಗಾದ್ರ ನನಗೊಂದು ಮಾಡಿಸಿ ಕೊಡು.”

ಸುಲಭವಾದ ದಾರಿಯೊಂದಿತ್ತು. ಜಾತ್ರೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಬಿಲ್ಲು ಸಿಗುತ್ತದೆ. ಕೆಂಪು ಬಿಲ್ಲು, ಹಳದಿ ಬಾಣ, ತುದಿಗೆ ರಬ್ಬರಿನ ಬಟ್ಟಲು. ಎರಡು ದಿನಕ್ಕೆ ಅದರ ಹೆದೆ ಕಳಚುತ್ತದೆ, ಮೂರನೆಯ ದಿನ ಅದು ಹಿತ್ತಿಲನ್ನು ಸೇರುತ್ತದೆ. ಹುಡುಗನಿಗೂ ಅದು ಗೊತ್ತಿತ್ತು. ಅವನು ಕೇಳಿದ್ದು “ಖರೇ ಬಿಲ್ಲು”. ಅಜ್ಜನಿಗೆ ಪೇಚಾಟಕ್ಕಿಟ್ಟುಕೊಂಡದ್ದು ಆ ಒಂದು ವಿಶೇಷಣ.

ಬೇರೆ ಯಾವ ಊರಿನಲ್ಲಾದರೂ ಹುಡುಗನ ಈ ಬೇಡಿಕೆಯನ್ನು ನಕ್ಕು ಮರೆತುಬಿಡಬಹುದಿತ್ತು. ಅಣ್ಣಿಗೇರಿಯಲ್ಲಿ ಹಾಗೆ ಮಾಡುವುದು ಕಷ್ಟ. ಕನ್ನಡದ ಆದಿಕವಿ ಪಂಪನ ತಾಯಿಯ ಮನೆತನ ಈ ಊರಿನದು. ಈಗಿನ ತೆಲಂಗಾಣದ ಗಂಗಾಧರಂ ಬಳಿಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನ ಅವರ ತಾಯಿ ಅಬ್ಬಣಬ್ಬೆಯನ್ನು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ಪಂಪನು ಹುಟ್ಟಿದ್ದು ಕ್ರಿ.ಶ. 902ರಲ್ಲಿ. ಮಹಾಭಾರತವನ್ನು ಕನ್ನಡಿಸುವಾಗ ಅವನು ಆರಿಸಿಕೊಂಡ ನಾಯಕ ಧರ್ಮರಾಯನಲ್ಲ, ಭೀಮನಲ್ಲ, ಬಿಲ್ಲಾಳು ಅರ್ಜುನ. ತನ್ನನ್ನು ಪೊರೆದ ಅರಿಕೇಸರಿಯನ್ನು ಆ ಅರ್ಜುನನಲ್ಲೇ ಬೆರೆಸಿ ‘ವಿಕ್ರಮಾರ್ಜುನ ವಿಜಯ’ವೆಂದು ಹೆಸರಿಟ್ಟ. ಹಾಗಾಗಿ ಅಣ್ಣಿಗೇರಿಗೆ ಬಿಲ್ಲಿನ ನಂಟು ತಾಯಿಯ ಕಡೆಯಿಂದ ಬಂದದ್ದು ಎಂದರೆ ತಪ್ಪಾಗಲಾರದು.

ಆದರೆ ಒಂದು ವಿಚಿತ್ರವಿದೆ. ಕಾವ್ಯವನ್ನು ಓದಿದವರಿಗೆ ಗಾಂಡೀವ, ಪಿನಾಕ, ಶಾರ್ಙ್ಗ, ಕೋದಂಡವೆಂದು ಬಿಲ್ಲಿನ ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ. ಹೆದೆ, ಸಿಂಜಿನಿ, ಕೊಪ್ಪು, ಕಣೆ, ಸರಳು, ಬತ್ತಳಿಕೆ ಎಂಬ ಮಾತುಗಳಿಗೆ ಅರ್ಥವನ್ನು ಬರೆಯಬಲ್ಲರು. ಆದರೆ ಒಂದು ಮರದ ತುಂಡನ್ನು ಕೈಗಿತ್ತು ಇದನ್ನು ಬಿಲ್ಲು ಮಾಡಿಕೊಡಿ ಎಂದರೆ ಎಷ್ಟು ಜನ ಎದ್ದಾರು? ಹೆಸರುಗಳು ಪುಸ್ತಕದಲ್ಲಿ ಉಳಿದವು. ಕೆಲಸ ಉಳಿದದ್ದು ಬೇರೆ ಕಡೆ, ಬೇರೆಯವರ ಕೈಯಲ್ಲಿ.

ಅದು ಎಲ್ಲಿ ಉಳಿಯಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಯುದ್ಧದಿಂದ ಬಿಲ್ಲು ಮಾಯವಾದ ಎಷ್ಟೋ ಕಾಲದ ಮೇಲೂ ಈ ಹತ್ತಿಯ ನಾಡಿನಲ್ಲಿ ಬಿಲ್ಲಿನ ಠೇಂಕಾರ ನಿಂತಿರಲಿಲ್ಲ. ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಲ್ಲಿ ಇಲ್ಲಿಯ ಅರಳೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಾಚೆಗೂ ಹೋಗುತ್ತಿತ್ತು. ಮನೆಯಲ್ಲಿ ಉಳಿದ ಅರಳೆಯನ್ನು ಗಾದಿಗೆಂದು ಹಿಂಜಲು ಪಿಂಜಾರರು ಬರುತ್ತಿದ್ದರು. ಅವರ ಹೆಗಲ ಮೇಲೆ ಆಳುದ್ದದ ಒಂದು ಬಿಲ್ಲು. ಅದಕ್ಕೆ ಪ್ರಾಣಿಯ ಕರುಳನ್ನು ಹೊಸೆದು ಬಿಗಿದ ಹೆದೆ. ಕೊಡತಿಯಂಥ ಮರದ ಗುಂಡಿನಿಂದ ಅದನ್ನು ಮೀಟಿದರೆ ಓಣಿಯ ತುಂಬ “ಟಂಯ್ ಟಂಯ್” ಎಂಬ ನಾದ, ಗಾಳಿಯಲ್ಲಿ ಬೆಳ್ಳನೆಯ ಅರಳೆ. ಬಡಿಗೇರರು ತೂತು ಕೊರೆಯುತ್ತಿದ್ದ ಬೈರಿಗೆಗೂ ಒಂದು ಚಿಕ್ಕ ಬಿಲ್ಲಿತ್ತು. ಅದರ ಹೆದೆಯನ್ನು ಬೈರಿಗೆಗೆ ಒಂದು ಸುತ್ತು ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೆ ಮೊನೆ ತಿರುಗುತ್ತಿತ್ತು. ಕೊಲ್ಲುವ ಕೆಲಸವನ್ನು ಬಿಟ್ಟ ಬಿಲ್ಲು ಹೊಟ್ಟೆ ಹೊರೆಯುವ ಕೆಲಸಕ್ಕೆ ನಿಂತಿತ್ತು. ಯಂತ್ರಗಳು ಬಂದ ಮೇಲೆ ಈ ಎರಡೂ ಅಪರೂಪವಾದವು.

ಅಜ್ಜ ಮೊಮ್ಮಗನ ಕೈ ಹಿಡಿದು ಬಡಿಗೇರರ ಸಾಲಿಗೆ ನಡೆದದ್ದು ಸರಿಯಾದ ದಾರಿಯೇ. ತಂಗಿಯೂ ಹಿಂದೆಯೇ ಓಡಿದಳು.

ಬಡಿಗೇರನು ಮೊದಲು ಮರವನ್ನು ನೋಡಲಿಲ್ಲ, ಹುಡುಗನನ್ನು ನೋಡಿದ. “ತಮ್ಮಾ, ಎರಡೂ ಕೈ ಚಾಚು” ಎಂದ. ಒಂದು ಕೈಯ ನಡುಬೆರಳಿನಿಂದ ಇನ್ನೊಂದರ ನಡುಬೆರಳಿನವರೆಗೆ ದಾರ ಹಿಡಿದು ಅಳೆದರೆ ಐವತ್ತು ಅಂಗುಲ. ಅದನ್ನು ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತು. ಹುಡುಗನು ಹೆದೆಯನ್ನು ಎಳೆಯಬಲ್ಲ ದೂರ ಅಷ್ಟು. ಬಿಲ್ಲು ಅದರ ಎರಡರಷ್ಟಕ್ಕಿಂತಲೂ ಸಾಕಷ್ಟು ಉದ್ದವಾಗಿರಬೇಕು. ಇಲ್ಲವಾದರೆ ಮರಕ್ಕೆ ಬಾಗುವ ಎಡೆ ಸಾಲದೆ ಮುರಿದೀತು. ಆದ್ದರಿಂದ ನಾಲ್ಕು ಅಡಿ, ಎಂದರೆ ಹೆಚ್ಚುಕಡಿಮೆ ಹುಡುಗನಷ್ಟೇ ಎತ್ತರ. ಎಳೆಯಲು ಬೇಕಾಗುವ ಬಲ ನಾಲ್ಕೂವರೆ ಕಿಲೋಗ್ರಾಂ ತೂಕದಷ್ಟು. ಎಂಟು ವರ್ಷದವನಿಗೆ ಅದು ಸಾಕು.

ಅಜ್ಜನಿಗೆ ಇದು ಕಡಿಮೆಯಾಯಿತೆನ್ನಿಸಿತು. “ಸ್ವಲ್ಪ ಗಟ್ಟಿ ಇರಲಿ ಬಡಿಗೇರ, ನಾಳೆ ದೊಡ್ಡವ ಆಗ್ತಾನ.”

“ನಾಳೆ ದೊಡ್ಡವ ಆದ್ರ ನಾಳೆ ದೊಡ್ಡ ಬಿಲ್ಲು ಮಾಡೂಣ್ರಿ, ಯಜಮಾನ್ರ. ಅಂಗಿ ಹಂಗ ಬಿಲ್ಲು ದೊಡ್ಡದು ಹೊಲಿಸಾಕ ಬರೂದಿಲ್ಲ.”

ತಂದೆತಾಯಿಗಳು ಕಿವಿಯಲ್ಲಿಟ್ಟುಕೊಳ್ಳಬೇಕಾದ ಮಾತಿದು. ಹುಡುಗನ ಬಲಕ್ಕೆ ಮೀರಿದ ಬಿಲ್ಲನ್ನು ಕೊಟ್ಟರೆ ಅವನು ಭುಜವನ್ನು ಮೇಲೆತ್ತಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ ಎಳೆಯುತ್ತಾನೆ. ತೋಳು ನೋಯುತ್ತದೆ, ಬಾಣ ಎಲ್ಲಿಯೋ ಹೋಗುತ್ತದೆ, ಹತ್ತು ದಿನಕ್ಕೆ ಬಿಲ್ಲು ಅಟ್ಟವನ್ನು ಸೇರುತ್ತದೆ. ಬಿಲ್ಲನ್ನೇ ನಂಬಿದ್ದ ದೇಶಗಳಲ್ಲಿ ಈ ಮರ್ಮ ಎಲ್ಲರಿಗೂ ತಿಳಿದಿತ್ತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದ ಕಾನೂನು ಏಳು ವರ್ಷದಿಂದ ಹದಿನೇಳು ವರ್ಷದವರೆಗಿನ ಪ್ರತಿಯೊಬ್ಬ ಗಂಡು ಹುಡುಗನಿಗೂ ಒಂದು ಬಿಲ್ಲು ಮತ್ತು ಎರಡು ಬಾಣಗಳನ್ನು ತಂದೆಯೇ ಒದಗಿಸಬೇಕೆಂದು ವಿಧಿಸಿತ್ತು. ಬಿಷಪ್ ಲ್ಯಾಟಿಮರ್ 1549ರಲ್ಲಿ ಬಾಲಕ ದೊರೆ ಆರನೆಯ ಎಡ್ವರ್ಡನ ಮುಂದೆ ಧರ್ಮೋಪದೇಶ ಮಾಡುವಾಗ ತನ್ನ ಬಾಲ್ಯವನ್ನು ನೆನೆದ. ತನ್ನ ತಂದೆ ತನ್ನ ವಯಸ್ಸಿಗೂ ಬಲಕ್ಕೂ ತಕ್ಕ ಬಿಲ್ಲನ್ನು ಕೊಂಡು ಕೊಡುತ್ತಿದ್ದ, ತಾನು ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತು ಎಂದು ಅವನು ಹೇಳಿದ್ದಾನೆ. ಆ ತಂದೆ ಸಾಮಾನ್ಯ ರೈತ. ಅವನ ಲೆಕ್ಕಾಚಾರವೂ ಬಡಿಗೇರನ ಲೆಕ್ಕಾಚಾರವೂ ಒಂದೇ.

ಅನಂತರ ಮರದ ಮಾತು ಬಂತು. ಬೆಳ್ವೊಲದ ಬಯಲು ಜೋಳ, ಗೋದಿ, ಕಡಲೆ, ಹತ್ತಿಗಳಿಗೆ ಹೆಸರಾದದ್ದು, ಮರಕ್ಕಲ್ಲ. ಇಲ್ಲಿ ಬೆಳೆಯುವ ಜಾಲಿ ಚಕ್ಕಡಿಯ ಗಾಲಿಗೆ, ಕುಂಟೆ ಕೂರಿಗೆಗಳಿಗೆ ಒಳ್ಳೆಯದು, ಆದರೆ ಡೊಂಕು ಮತ್ತು ಗಂಟು ಹೆಚ್ಚು. ಬೇವು ಬಾಗಿಲ ಚೌಕಟ್ಟಿಗೆ ಸರಿ. ಬನ್ನಿಯನ್ನು ಯಾರೂ ಕಡಿಯುವುದಿಲ್ಲ. ತೇಗದ ಹಲಗೆ ನೋಡಲು ಚೆಲುವೆಂದು ಪೇಟೆಯ ಜನರು ಅದನ್ನೇ ಕೊಯ್ಯಿಸಿ ತರುವುದುಂಟು. ಕದಕ್ಕೆ ಅದು ರಾಜ, ಬಿಲ್ಲಿಗೆ ಅಲ್ಲ.

ಬಿಲ್ಲಿಗೆಂದೇ ಹುಟ್ಟಿದಂಥ ಮರವೊಂದು ಇದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಕಲಘಟಗಿಯಿಂದಾಚೆ ಬಯಲು ಮುಗಿದು ಕಾಡು ಮೊದಲಾಗುವ ಕಡೆ ಬೆಳೆಯುವ ಅದರ ಹೆಸರು ತಡಸಲು. ಕೆಲವರು ದಡಸಲು ಎನ್ನುತ್ತಾರೆ. ಸಂಸ್ಕೃತದಲ್ಲಿ ಅದು ಧನ್ವನ, ಎಂದರೆ ಬಿಲ್ಲಿನ ಹೆಸರನ್ನೇ ಹೊತ್ತ ಮರ. ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ತನ್ನ ಸ್ಥಾನಕ್ಕೆ ಮರಳುತ್ತದೆ. ಬಂಡಿಯ ಮೂಕಿ, ಕೊಡಲಿಯ ಕಾವು, ದೋಣಿಯ ಹುಟ್ಟು ಮೊದಲಾಗಿ ಪೆಟ್ಟನ್ನೂ ಜಗ್ಗನ್ನೂ ತಾಳಬೇಕಾದ ಎಲ್ಲೆಡೆಯಲ್ಲಿ ಅದನ್ನು ಬಳಸುತ್ತ ಬಂದಿದ್ದಾರೆ. ಕಲಘಟಗಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಅರಗಿನ ಬಣ್ಣದ ಚಿತ್ತಾರದ ತೊಟ್ಟಿಲಿಗಾಗಿ. ಆ ಸೀಮೆಯ ಮಗುವಿಗೆ ಮೊದಲು ಸಿಗುವ ಮರದ ವಸ್ತು ತೊಟ್ಟಿಲಾದರೆ ಎರಡನೆಯದು ಬಿಲ್ಲೇಕಾಗಬಾರದು?

ಕಾಡಿಗೆ ನುಗ್ಗಿ ಮರ ಕಡಿಯುವುದು ಅಪರಾಧ. ಬಡಿಗೇರನ ಅಟ್ಟದಲ್ಲಿ ಮೂಕಿಗೆಂದು ಹಿಂದೆ ಕೊಂಡು, ಎರಡು ತುದಿಗೂ ಮೇಣ ಬಳಿದು ನೆರಳಲ್ಲಿ ಒಣಗಿಸಿಟ್ಟ ತುಂಡಿದ್ದುದು ಹುಡುಗನ ಪುಣ್ಯ. ಹಸಿ ಮರದ ತುದಿಗಳು ಬೇಗ ಒಣಗುತ್ತವೆ, ನಡು ನಿಧಾನವಾಗಿ ಒಣಗುತ್ತದೆ. ತುದಿಯನ್ನು ಮುಚ್ಚದಿದ್ದರೆ ಅಲ್ಲಿಂದಲೇ ಸೀಳು ಬಿಡುತ್ತದೆ. ಮರ ಸಿಗದವರು ಮೇದಾರರಲ್ಲಿಗೆ ಹೋಗಿ, ಒಳಗೆ ಹೆಚ್ಚು ಪೊಳ್ಳಿಲ್ಲದ ಗಟ್ಟಿ ಬಿದಿರನ್ನು ಕೇಳಬಹುದು. ಅದೇನೂ ಕೀಳಲ್ಲ. ಭಾರತದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಬಿದಿರಿನ ಬಿಲ್ಲಿನದೇ. ಒಲಿಂಪಿಕ್ ಕೂಟಗಳಿಗೆ ಹೋದ ರಾಜಸ್ಥಾನದ ಲಿಂಬಾರಾಮ್, ಝಾರ್ಖಂಡದ ದೀಪಿಕಾ ಕುಮಾರಿ ಇವರಿಬ್ಬರ ಮೊದಲ ಬಿಲ್ಲೂ ಬಿದಿರಿನದೇ.

ಯಾವ ಯಾವ ವಸ್ತುವಿನಿಂದ ಬಿಲ್ಲಾಗುತ್ತದೆಂಬ ಪಟ್ಟಿಯನ್ನು ಕೌಟಿಲ್ಯನೂ ಮಾಡಿಟ್ಟಿದ್ದಾನೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅವನ ಅರ್ಥಶಾಸ್ತ್ರದ ತಾಳೆಗರಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾಯಿತು. ಅದರ ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳಿವೆ. ಹೆದೆಗೆ ಮೂರ್ವೆ, ಎಕ್ಕ, ಸಣಬು, ಗವೇಧುವೆಂಬ ಹುಲ್ಲು, ಬಿದಿರು, ಸ್ನಾಯು ಎಂದು ಆರು ಸಾಮಗ್ರಿಗಳಿವೆ. ರಸ್ತೆಯ ಪಕ್ಕದಲ್ಲಿ ದನವೂ ಮೂಸದ ಎಕ್ಕದ ಗಿಡ ಒಂದು ಕಾಲಕ್ಕೆ ಸೈನ್ಯದ ಉಗ್ರಾಣದ ಸರಕಾಗಿತ್ತೆಂಬುದು ಗಮನಿಸತಕ್ಕ ಸಂಗತಿ.

ಬಡಿಗೇರನು ಮರವನ್ನು ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಿದ. ಗರಗಸಕ್ಕೆ ಎಳೆ ತಿಳಿಯದು, ತನ್ನ ದಾರಿಯಲ್ಲಿ ಎಳೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಸೀಳಿದ ಮರ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಬಿಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆ ಕಡಿಯದೆ ಹರಿದಿರಬೇಕು. ಬಿಲ್ಲುಗಾರನಿಂದಾಚೆಗೆ ನೋಡುವ ಮೈ ಅದರ ಬೆನ್ನು, ಅವನ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನಿನ ಎಳೆಗಳು ಹಿಗ್ಗುತ್ತವೆ, ಹೊಟ್ಟೆಯ ಎಳೆಗಳು ಕುಗ್ಗುತ್ತವೆ. ಹಿಗ್ಗುವ ಕಡೆ ಒಂದು ಎಳೆ ತುಂಡಾಗಿದ್ದರೂ ಮುರಿತ ಅಲ್ಲಿಂದಲೇ ಏಳುತ್ತದೆ. ಆದ್ದರಿಂದ ತೊಗಟೆಯನ್ನು ತೆಗೆದ ಮೇಲೆ ಬೆನ್ನನ್ನು ಮುಟ್ಟಬಾರದು. ಕೆಲಸವೆಲ್ಲ ಹೊಟ್ಟೆಯ ಕಡೆಯೇ.

ನಡುವೆ ನಾಲ್ಕು ಅಂಗುಲ ಹಿಡಿಕೆ. ಅದು ಒಂದು ಅಂಗುಲ ಅಗಲ, ಬಾಗದಷ್ಟು ದಪ್ಪ. ಅಲ್ಲಿಂದ ಎರಡು ಕಡೆಗೂ ತೋಳುಗಳು; ಬುಡದಲ್ಲಿ ಒಂದೂಕಾಲು ಅಂಗುಲ ಅಗಲ, ತುದಿಗೆ ಹೋಗುತ್ತ ಅರ್ಧ ಅಂಗುಲ. ದಪ್ಪ ಅರ್ಧ ಅಂಗುಲದಿಂದ ಮೊದಲಾಗಿ ತುದಿಯ ಕಡೆಗೆ ತೆಳುವಾಗುತ್ತ ಹೋಗಬೇಕು. ಬಾಚಿಯಿಂದ ಒರಟಾಗಿ ಕೆತ್ತಿ, ಉಜ್ಜುಗೊರಡಿನಿಂದ ಸಮ ಮಾಡಿದಾಗ ಒಂದು ಹೊತ್ತಿನ ಕೆಲಸ ಮುಗಿಯಿತು. ಹುಡುಗನಿಗೆ ಬಿಲ್ಲೇ ಮುಗಿದಂತೆ ಕಂಡಿತು. “ಕಾಕಾ, ದಾರ ಕಟ್ಟು” ಎಂದು ಅವಸರಪಡಿಸಿದ.

“ಈಗಿನ್ನೂ ಕೋಲು ಆತು, ತಮ್ಮಾ. ಬಿಲ್ಲು ಆಗೂದು ಮುಂದ ಐತಿ.”

ಬಿಲ್ಲಿನ ವಿದ್ಯೆಯೆಲ್ಲ ಇರುವುದು ಈ ಮುಂದಿನ ಭಾಗದಲ್ಲಿ. ಅಗಲವನ್ನು ಎರಡರಷ್ಟು ಮಾಡಿದರೆ ಮರದ ಬಿಗುವು ಎರಡರಷ್ಟಾಗುತ್ತದೆ; ದಪ್ಪವನ್ನು ಎರಡರಷ್ಟು ಮಾಡಿದರೆ ಎಂಟರಷ್ಟಾಗುತ್ತದೆ. ಗಣಿತದ ಪುಸ್ತಕದಲ್ಲಿ ಇದು ಒಂದು ಸಾಲು. ಬಡಿಗೇರನ ಕೈಯಲ್ಲಿ ಇದಕ್ಕೆ ಅರ್ಥ ಬೇರೆ: ಕಾಗದದಷ್ಟು ತೆಳ್ಳಗಿನ ಚಕ್ಕೆಯೊಂದು ಹೆಚ್ಚು ಹೋದರೂ ಬಿಲ್ಲಿನ ಸ್ವಭಾವವೇ ಬದಲಾಗುತ್ತದೆ, ಮತ್ತು ಹೋದ ಚಕ್ಕೆಯನ್ನು ಮರಳಿ ಅಂಟಿಸಲು ಬರುವುದಿಲ್ಲ. ಅವನು ಬಾಚಿಯನ್ನು ಬದಿಗಿಟ್ಟು ಒಡೆದ ಗಾಜಿನ ತುಂಡನ್ನು ಹಿಡಿದ. ಅದರ ಅಂಚಿನಿಂದ ಕೆರೆದರೆ ಮರ ಧೂಳಿನಂತೆ ಉದುರುತ್ತದೆ.

ಮೊದಲು ಬಿಲ್ಲಿನ ಒಂದು ತುದಿಯನ್ನು ನೆಲಕ್ಕೂರಿ, ಹಿಡಿಕೆಯನ್ನು ಮೆಲ್ಲಗೆ ಒತ್ತಿ ನೋಡಿದ. ಅನಂತರ ಎರಡೂ ತುದಿಗಳಲ್ಲಿ ಕಾನಸಿನಿಂದ ಕೊಪ್ಪು ತೋಡಿ, ಬಿಲ್ಲಿಗಿಂತ ತುಸು ಉದ್ದವಾದ ಹುರಿಯನ್ನು ಸಡಿಲವಾಗಿ ಕಟ್ಟಿದ. ಒಂದು ಹಲಗೆಯನ್ನು ಗೋಡೆಗೆ ನಿಲ್ಲಿಸಿ, ಅದರ ತಲೆಯ ಮೇಲೆ ಬಿಲ್ಲಿನ ಹಿಡಿಕೆಯನ್ನು ಕೂಡಿಸಿ, ಹುರಿಯನ್ನು ಕೆಳಕ್ಕೆ ಎಳೆದು ಹಲಗೆಯ ಹಲ್ಲಿಗೆ ಸಿಕ್ಕಿಸಿದ. ಅಂಗುಲಕ್ಕೊಂದರಂತೆ ಹಲ್ಲುಗಳು. ಅಷ್ಟು ಮಾಡಿ ದೂರ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದ.

ಎರಡು ತೋಳುಗಳೂ ಒಂದೇ ಕಮಾನಿನಂತೆ ಬಾಗಬೇಕು. ಎಡದ ತೋಳು ಹೆಚ್ಚು ಬಿಗಿಯಾಗಿದ್ದರೆ ಅದರ ಹೊಟ್ಟೆಯನ್ನು ಕೆರೆಯಬೇಕು. ಒಂದು ಕಡೆ ಮೊಣಕಾಲಿನಂತೆ ಮಡಿಸಿಕೊಂಡರೆ ಆ ಸ್ಥಳವನ್ನು ಬಿಟ್ಟು ಅದರ ಹಿಂದೆ ಮುಂದೆ ಕೆರೆಯಬೇಕು. ಗಂಟಿನ ಬಳಿ ತುಸು ಮರವನ್ನು ಹೆಚ್ಚಾಗಿ ಉಳಿಸಬೇಕು. ಹತ್ತು ಸಲ ಕೆರೆದು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಬೇಕು. ತೆಗೆದ ಮರದ ಪರಿಣಾಮ ಉಳಿದ ಮರಕ್ಕೆ ತಿಳಿಯಲು ಅಷ್ಟು ವೇಳೆ ಹಿಡಿಯುತ್ತದೆ. ಹುರಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಾಕಿ ಎಳೆದರೆ ತೂಕ ತಿಳಿಯುತ್ತದೆ. ನಾಲ್ಕೂವರೆ ಕಿಲೋಗ್ರಾಂ ಬಂದ ಕೂಡಲೇ ಎಳೆಯುವುದನ್ನು ನಿಲ್ಲಿಸಬೇಕು, ಇಪ್ಪತ್ತು ಅಂಗುಲ ಬಂದಿರದಿದ್ದರೂ ಸರಿ. ಮತ್ತೆ ಕೆರೆತ, ಮತ್ತೆ ಎಳೆತ. ಮೊದಲ ದಿನ ಹನ್ನೆರಡು ಅಂಗುಲ, ಮರುದಿನ ಹದಿನಾರು.

ಹುಡುಗ ಎರಡು ಸಲ ಆಕಳಿಸಿದ. ತಂಗಿ ಮಾತ್ರ ಉದುರಿದ ಧೂಳನ್ನು ಗುಡ್ಡೆ ಮಾಡುತ್ತ, ಬಡಿಗೇರನು ಕಣ್ಣು ಮುಚ್ಚಿದಾಗಲೆಲ್ಲ ತಾನೂ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

ಈ ನಿಧಾನ ಹೊಸದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದಿನ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನ ಬಳಿಯಲ್ಲಿ ಯೂ ಎಂಬ ಮರದ, 1.82 ಮೀಟರ್ ಉದ್ದದ ಒಂದು ಬಿಲ್ಲಿತ್ತು. ಅದಕ್ಕೆ ಹೆದೆಯಿರಲಿಲ್ಲ, ಮೈಮೇಲೆ ಕೊಡಲಿಯ ಕೆತ್ತಿನ ಗುರುತುಗಳು ಹಾಗೆಯೇ ಇದ್ದವು. ಬಿಲ್ಲಿನ ಕೆಲಸ ಮುಗಿಯುವ ಮುನ್ನವೇ ಅವನು ಮುಗಿದಿದ್ದ.

ಮೂರನೆಯ ದಿನ ಇಪ್ಪತ್ತು ಅಂಗುಲಕ್ಕೆ ನಾಲ್ಕೂವರೆ ಕಿಲೋಗ್ರಾಂ ಸರಿಯಾಗಿ ಬಂತು. ಮರಳುಕಾಗದದಿಂದ ತಿಕ್ಕಿ ಅಗಸೆಯೆಣ್ಣೆಯನ್ನು ಕುಡಿಸಿದಾಗ ಮರದ ಎಳೆಗಳೆಲ್ಲ ಎದ್ದು ಕಂಡವು. ಹೆದೆಗೆ ಪುಂಡಿನಾರು ಅಥವಾ ಸಣಬನ್ನು ಹೊಸೆದು ಜೇನುಮೇಣ ತಿಕ್ಕುವುದು ಹಳೆಯ ಕ್ರಮ. ಹಿಗ್ಗದ ಪಾಲಿಯೆಸ್ಟರ್ ದಾರ ಈಗಿನ ಅನುಕೂಲ. ಹತ್ತಿಯ ನೂಲು ಈ ಸೀಮೆಯಲ್ಲಿ ಎಷ್ಟೇ ಹೇರಳವಾಗಿದ್ದರೂ ಹೆದೆಗೆ ಅಷ್ಟಾಗಿ ಒದಗದು, ಜಗ್ಗಿದಂತೆ ಉದ್ದವಾಗುತ್ತದೆ. ಹೆದೆಯೇರಿಸಿದಾಗ ಹಿಡಿಕೆಗೂ ಹೆದೆಗೂ ನಡುವೆ ಇರಬೇಕಾದ ಅಂತರಕ್ಕೆ ಅಳತೆಗೋಲು ಬೇಡ. ಮುಷ್ಟಿಯನ್ನು ಹಿಡಿಕೆಯ ಮೇಲಿಟ್ಟು ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಹೆದೆಯನ್ನು ತಾಗಬೇಕು. ಆಟ ಮುಗಿದೊಡನೆ ಹೆದೆಯನ್ನು ಇಳಿಸಬೇಕು. ರಾತ್ರಿಯೆಲ್ಲ ಬಾಗಿಯೇ ಇದ್ದ ಮರ ಬೆಳಗಾಗುವುದರಲ್ಲಿ ತನ್ನ ನೆಟ್ಟತನವನ್ನು ಮರೆಯುತ್ತದೆ.

ಇನ್ನು ಬಾಣ. ಅಪಾಯವೆಲ್ಲ ಇರುವುದು ಇದರಲ್ಲಿ. 1987–88ರಲ್ಲಿ ದೂರದರ್ಶನದಲ್ಲಿ ರಾಮಾಯಣ, ಅದರ ಬೆನ್ನಿಗೆ ಮಹಾಭಾರತ ಪ್ರಸಾರವಾದ ದಿನಗಳಲ್ಲಿ ದೇಶದ ಮನೆಯಂಗಳಗಳೆಲ್ಲ ಕುರುಕ್ಷೇತ್ರವಾಗಿದ್ದವು. ಕಸಬರಿಗೆಯ ಕಡ್ಡಿ, ಬಿದಿರಿನ ಚೂರುಗಳೇ ಬಾಣ. ಅವು ತಾಗಿ ಕಣ್ಣಿಗೆ ಪೆಟ್ಟಾದ ಮಕ್ಕಳ ವಿಷಯವನ್ನು ನೇತ್ರವೈದ್ಯರು ವರದಿ ಮಾಡಿದ್ದರು. ಬಿಲ್ಲು ಎಷ್ಟೇ ಮೃದುವಾಗಿರಲಿ, ಮೊನೆಯುಳ್ಳ ಕಡ್ಡಿ ಕಣ್ಣಿನ ಮಟ್ಟಿಗೆ ಮೃದುವಲ್ಲ. ಆದ್ದರಿಂದ ಬಡಿಗೇರನು ಮಾಡಿದ ಮೂರು ಬಾಣಗಳಲ್ಲಿ ಯಾವುದಕ್ಕೂ ಮೊನೆಯಿರಲಿಲ್ಲ. ಬೆರಳಿನಷ್ಟೂ ದಪ್ಪವಿಲ್ಲದ ನೆಟ್ಟನೆಯ ಕೋಲುಗಳು. ತುದಿಗೆ ಅರಳೆ ತುಂಬಿ ಬಟ್ಟೆ ಕಟ್ಟಿದ, ಕಣ್ಣಿನ ಕುಳಿಯಲ್ಲಿ ಇಳಿಯಲಾರದಷ್ಟು ದೊಡ್ಡ ಉಂಡೆ. ಉದ್ದ ಇಪ್ಪತ್ತಮೂರು ಅಂಗುಲ. ಎಳೆತಕ್ಕಿಂತ ಬಾಣ ಚಿಕ್ಕದಾದರೆ ಅದು ಹಿಡಿಕೆಯಿಂದ ಒಳಗೆ ಜಾರಿ ಹಿಡಿದ ಕೈಗೇ ನಾಟೀತು. ಹಿಂಬದಿಗೆ ಕೋಳಿಯ ಮೂರು ಗರಿಗಳು. ಬಾಲ ಹಿಂದುಳಿದು ತಲೆ ಮುಂದಾಗುವುದು ಆ ಗರಿಗಳಿಂದ.

ಬಿಲ್ಲನ್ನು ಕೈಗೆ ಕೊಡುವ ಮುಂಚೆ ಅಜ್ಜ ಮೊಮ್ಮಗನನ್ನು ಎದುರಿಗೆ ಕೂಡಿಸಿಕೊಂಡ. “ಮನಶ್ಯಾರ ಕಡೆ ತಿರುಗಿಸಬಾರದು, ಚ್ಯಾಷ್ಟಿಗೂ ತಿರುಗಿಸಬಾರದು. ಗುಬ್ಬಿ, ಓತಿಕ್ಯಾತ, ನಾಯಿ, ಯಾವುದಕ್ಕೂ ಹೊಡೆಯೂ ಹಂಗಿಲ್ಲ. ದೊಡ್ಡವರು ಇಲ್ಲದಾಗ ಬಿಲ್ಲು ಗೂಟದ ಮ್ಯಾಲಿಂದ ಇಳಿಯೂ ಹಂಗಿಲ್ಲ.”

“ಬಾಣ ಇಲ್ಲದ ಸುಮ್ಮನ ಜಗ್ಗಿ ಬಿಡಬಾರದು” ಎಂದು ಬಡಿಗೇರ ತನ್ನದೊಂದನ್ನು ಸೇರಿಸಿದ. ಬಾಣವಿದ್ದರೆ ಬಿಲ್ಲಿನ ಬಲವನ್ನು ಅದು ಹೊತ್ತೊಯ್ಯುತ್ತದೆ; ಇಲ್ಲದಿದ್ದರೆ ಆ ಬಲವೆಲ್ಲ ಬಿಲ್ಲಿನಲ್ಲೇ ಸುಳಿದು ತೋಳನ್ನು ಸೀಳುತ್ತದೆ.

ಹುಡುಗ ಎಲ್ಲಕ್ಕೂ ತಲೆಯಾಡಿಸಿದ. ಪಕ್ಷಿಗೆ ಹೊಡೆಯಬಾರದೆಂದಾಗ ಮಾತ್ರ ಒಂದು ಪ್ರಶ್ನೆ ಬಂತು. “ಅರ್ಜುನ ಹಕ್ಕಿಗೆ ಹೊಡದಿದ್ನಲ್ಲ?”

ಪ್ರಶ್ನೆ ಚುರುಕಾಗಿತ್ತು. ಅದಕ್ಕೆ ಉತ್ತರವೂ ಮಹಾಭಾರತದಲ್ಲಿಯೇ ಇದೆ. ದ್ರೋಣನು ಶಿಷ್ಯರ ಪರೀಕ್ಷೆಗೆಂದು ಮರದ ಮೇಲೆ ಇರಿಸಿದ್ದು ಜೀವದ ಹಕ್ಕಿಯನ್ನಲ್ಲ. ಶಿಲ್ಪಿಗಳಿಂದ ಮಾಡಿಸಿದ ಕೃತಕ ಹಕ್ಕಿಯನ್ನು. ಆದಿಪರ್ವ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕಥೆ ಹೇಳುವವರು ಅರ್ಜುನನ ಏಕಾಗ್ರತೆಯ ಅವಸರದಲ್ಲಿ ಈ ಸಣ್ಣ ವಿವರವನ್ನು ಬಿಟ್ಟುಬಿಡುತ್ತಾರೆ. ಕುರುಕುಮಾರರ ಮೊದಲ ಗುರಿಯೂ ಬಡಿಗೇರನಂಥವನೊಬ್ಬನ ಕೈಕೆಲಸವಾಗಿತ್ತು. ಅದನ್ನು ಅಜ್ಜ ಹೇಳಿದಾಗ ಬಡಿಗೇರ ನಕ್ಕು, ಮೂಲೆಯ ತುಂಡಿನಲ್ಲಿ ನಾಲ್ಕು ಏಟಿಗೆ ಒಂದು ಹಕ್ಕಿಯ ಆಕಾರವನ್ನು ಕೆತ್ತಿ ತಂಗಿಯ ಕೈಗಿತ್ತ.

ಖಂಡೇಪೂಜೆ ಮುಗಿದುಹೋಗಿತ್ತು. ಆದರೂ ಅಜ್ಜಿ ಬಿಲ್ಲಿಗೆ ಕುಂಕುಮ ಹಚ್ಚದೆ ಹೊರಗೆ ಬಿಡಲಿಲ್ಲ. ಕಣದ ಬಯಲಿನಲ್ಲಿ ಕಣಿಕೆಯ ಬಣವೆಗೆ ಒಂದು ಗೋಣಿಚೀಲವನ್ನು ಆನಿಸಿ, ಅದರ ಮುಂದೆ ಕಡ್ಡಿಯ ಮೇಲೆ ಮರದ ಹಕ್ಕಿಯನ್ನು ನೆಟ್ಟರು. ಹತ್ತು ಹೆಜ್ಜೆಗಳ ದೂರ. ಹುಡುಗನು ಬಾಣದ ಬುಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಚಿವುಟಿ ಹಿಡಿದ. ಯಾರೂ ಕಲಿಸದಿದ್ದರೆ ಎಲ್ಲ ಮಕ್ಕಳೂ ಹಿಡಿಯುವುದು ಹೀಗೆಯೇ. ಬಲವಾದ ಬಿಲ್ಲಿಗೆ ಈ ಹಿಡಿತ ಸಾಲದು. ಏಷ್ಯದ ಎಷ್ಟೋ ನಾಡುಗಳ ಬಿಲ್ಲಾಳುಗಳು ಹೆದೆಯನ್ನು ಹೆಬ್ಬೆರಳಿನಿಂದಲೇ ಕೊಂಡಿಯಂತೆ ಸುತ್ತಿ ಎಳೆಯುತ್ತಿದ್ದರು. ದ್ರೋಣನು ಏಕಲವ್ಯನಲ್ಲಿ ಬೇರೆ ಯಾವುದನ್ನೂ ಕೇಳದೆ ಹೆಬ್ಬೆರಳನ್ನೇ ಏಕೆ ಕೇಳಿದನೆಂಬುದು ಇದನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಈಗಿನ ಆಟದಲ್ಲಿ ತೋರುಬೆರಳು ಬಾಣದ ಮೇಲೆ, ಇನ್ನೆರಡು ಬೆರಳುಗಳು ಬಾಣದ ಕೆಳಗೆ. ಬಡಿಗೇರನು ಬೆರಳುಗಳನ್ನು ಒಂದೊಂದಾಗಿ ತಿದ್ದಿ ಕೂಡಿಸಿದ.

ಮೊದಲ ಬಾಣ ಐದು ಹೆಜ್ಜೆಗೇ ಬಿತ್ತು. ಎರಡನೆಯದು ಬಣವೆಯ ಮೇಲಿನಿಂದ ಹಾರಿಹೋಯಿತು. ಅಜ್ಜ ಬಣವೆಯ ಹಿಂದೆ ಯಾರೂ ಇಲ್ಲದಂತೆ ಮೊದಲೇ ನೋಡಿಕೊಂಡಿದ್ದ. ಮೂರನೆಯ ಸಲ ಹುಡುಗ ನಾಲಗೆ ಕಚ್ಚಿಕೊಂಡು, ಹೆದೆಯನ್ನು ಕೆನ್ನೆಯವರೆಗೂ ತಂದು ಬಿಟ್ಟ. ಬಟ್ಟೆಯ ಉಂಡೆ ಗೋಣಿಚೀಲಕ್ಕೆ ಮೆತ್ತಗೆ ಬಡಿದು ಕೆಳಗುರುಳಿತು. ಹಕ್ಕಿ ಅಲುಗಲಿಲ್ಲ. ಆದರೆ ಹುಡುಗನ ಮುಖವನ್ನು ಕಂಡವರು ಹಕ್ಕಿ ಬಿತ್ತೆಂದೇ ತಿಳಿಯುತ್ತಿದ್ದರು.

ಬಾಣಗಳನ್ನು ಆರಿಸಿ ತರುವ ಕೆಲಸ ತಂಗಿಯದಾಗಿತ್ತು. ಆರೇಳು ಸಲ ಓಡಿದ ಮೇಲೆ ಅವಳು ಅಜ್ಜನ ಧೋತರವನ್ನು ಹಿಡಿದು ನಿಂತಳು.

“ನಂದು ಯಾವಾಗ?”

ಎತ್ತಿ ಹಿಡಿದರೆ ಬಿಲ್ಲು ಅವಳ ತಲೆಗಿಂತ ಮೇಲಕ್ಕೆ ಹೋಗುತ್ತಿತ್ತು. ಮನೆಗೆ ಮರಳಿದ ಮೇಲೆ ಅಜ್ಜ ಬಿಲ್ಲನ್ನು ಪಡಸಾಲೆಯ ಬಾಗಿಲಿನ ಚೌಕಟ್ಟಿಗೆ ನೆಟ್ಟಗೆ ಹಿಡಿದು, ಅದರ ತುದಿಗೆ ಇದ್ದಿಲಿನಿಂದ ಒಂದು ಗೆರೆ ಎಳೆದ. ಅವಳನ್ನು ನಿಲ್ಲಿಸಿ ಅವಳ ನೆತ್ತಿಗೆ ಇನ್ನೊಂದು ಗೆರೆ ಎಳೆದ. ನಡುವೆ ನಾಲ್ಕು ಬೆರಳು ಉಳಿದವು.

“ನೀ ಈ ಗೆರಿಗೆ ಬಂದ ದಿನ ಅದು ನಿಂದು. ಆವಾಗ ಇವಗ ದೊಡ್ಡದು ಬೇಕಾಗತೈತಿ.”

ಮರುದಿನ ಬೆಳಿಗ್ಗೆ ಅಜ್ಜಿ ರಂಗೋಲಿ ಹಾಕಲು ಎದ್ದು ಬಂದಾಗ ಅವಳು ಆಗಲೇ ಎದ್ದು, ಚೌಕಟ್ಟಿಗೆ ಬೆನ್ನು ಹಚ್ಚಿ, ತಲೆಯ ಮೇಲೆ ಅಂಗೈಯಿಟ್ಟುಕೊಂಡು ನಿಂತಿದ್ದಳು.